ನಾರಣಪ್ಪನ ನಾಲ್ಕು ದಿನ

‘ಸಂಸ್ಕಾರ’ ಕಾದಂಬರಿಯನ್ನ ನಾನು ಮೊದಲು ಓದಿದ್ದು ಬಿ.ಇ. ಎರಡನೇ ವರ್ಷದಲ್ಲಿ. ಹಾಸ್ಟೆಲ್ ರೂಮಿನಲ್ಲಿ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ. ಆಗ ಎಲ್ಲರ ಹಾಗೆ ನಾನೂ ಪ್ರಾಣೇಶಾಚಾರ್ಯರ ಬೆನ್ನು ಹತ್ತಿ ಹೋದೆ. ಹೆಣ ಸುಡೋರು ಯಾರು, ಧರ್ಮಶಾಸ್ತ್ರದಾಗ ಉತ್ತರ ಐತೋ ಇಲ್ಲೋ, ಕಾಡಿನಲ್ಲಿ ಆ ರಾತ್ರಿ ಆದದ್ದು ಪಾಪವೋ ಬಿಡುಗಡೆಯೋ ಅಂತ ಗೆಳೆಯರ ಜೊತೆ ಕ್ಯಾಂಟೀನಿನಲ್ಲಿ ಕುಂತು ವಾದ ಮಾಡಿದ್ದೂ ನೆನಪಿದೆ. ಈ ಸಲ ಓದಿದ್ದು ಅಪ್ಪ ಹೋಗಿ ಎಂಟು ತಿಂಗಳಾದ ಮೇಲೆ. ಶುರುವಿನ ಪುಟಗಳಲ್ಲೇ ಒಂದು ಕಡೆ ನಿಂತುಬಿಟ್ಟೆ.

ಶಿವಮೊಗ್ಗಕ್ಕೆ ಹೋಗಿದ್ದ ನಾರಣಪ್ಪ ಜ್ವರ ಹೊತ್ತುಕೊಂಡು ಬರುತ್ತಾನೆ. ನಾಲ್ಕು ದಿನ ಮಲಗುತ್ತಾನೆ. ಮೈಮೇಲೆ ಗಡ್ಡೆ ಏಳುತ್ತದೆ. ಸಾಯುತ್ತಾನೆ. ಇಷ್ಟೂ ನಮಗೆ ತಿಳಿಯುವುದು ಚಂದ್ರಿ ಬಂದು ಹೇಳಿದ ಎರಡು ಮಾತಿನಿಂದ. ಆ ನಾಲ್ಕು ದಿನ ದೂರ್ವಾಸಪುರದ ಅಗ್ರಹಾರದಲ್ಲಿ ಯಾರೂ ಅವನ ಬಾಗಿಲಿಗೆ ಹೋಗಿದ್ದರ ಸುಳಿವಿಲ್ಲ. ಅವನು ಸತ್ತ ಗಳಿಗೆಯಿಂದ ಮಾತ್ರ ಎಲ್ಲರಿಗೂ ಅವನದೇ ಚಿಂತೆ. ಹೆಣ ಇದ್ದರೆ ಊಟ ಮಾಡುವ ಹಾಗಿಲ್ಲ, ಹಸಿವೆ ತಡೆಯಲಿಕ್ಕಾಗುವುದಿಲ್ಲ, ಚಂದ್ರಿ ಬಿಚ್ಚಿಟ್ಟ ಬಂಗಾರದ ಮೇಲೆ ಕಣ್ಣು ಬೇರೆ. 1965ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ಬಂದಿರುವ ವಿಮರ್ಶೆಗೆ ಲೆಕ್ಕವಿಲ್ಲ. ನಾನು ಓದಿದ ಮಟ್ಟಿಗೆ ಅದೆಲ್ಲ ಶುರುವಾಗುವುದು ಹೆಣದಿಂದ. ನನಗೆ ಈ ಸಲ ಹೆಣಕ್ಕಿಂತ ಮುಂಚಿನ ಆ ನಾಲ್ಕು ದಿನ ಬಿಟ್ಟು ಮುಂದೆ ಹೋಗಲಿಕ್ಕೆ ಆಗಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ಅಪ್ಪನ ವಿಷಯಕ್ಕೆ ಬರಬೇಕು.

ನಮ್ಮೂರು ಮುಂಡರಗಿ ತಾಲೂಕಿನ ಸಿಂಗಟಾಲೂರು. ವೀರಭದ್ರದೇವರ ಗುಡಿಯಿಂದ ಸುತ್ತಲ ಊರಿಗೆಲ್ಲ ಗೊತ್ತು, ಏತ ನೀರಾವರಿಯಿಂದ ಪೇಪರಿನವರಿಗೂ ಗೊತ್ತು. ನಾರಣಪ್ಪ ಮನೆತನದ ಸಾಲಿಗ್ರಾಮ ಎಸೆದ ತುಂಗೆ ಕೂಡಲಿಯಲ್ಲಿ ಭದ್ರೆ ಜೊತೆ ಸೇರಿ ಹರಿದು ಹರಿದು ನಮ್ಮ ಹೊಲದ ಮಗ್ಗಲಿಗೇ ಬರುತ್ತದೆ. ಅಪ್ಪ ಲಿಂಗಾಯತ, ಆದರೆ ಅವನ ದೇವರು ಯಾವುದು ಅಂದರೆ ನಾನು ರೈತಸಂಘ ಅಂತ ಹೇಳುತ್ತಿದ್ದೆ. 1980ರ ನರಗುಂದ–ನವಲಗುಂದ ಬಂಡಾಯ ಆದಾಗ ಅವನಿಗಿನ್ನೂ ಮೀಸೆ ಚಿಗುರಿರಲಿಲ್ಲ. ಆದರೂ ಆ ಸುದ್ದಿ ಅವನ ಜೀವನ ಪೂರ್ತಿ ಹಸಿರು ಟಾವೆಲ್ ಆಗಿ ಹೆಗಲ ಮೇಲೆ ಉಳಿಯಿತು. ಸ್ವಾಮಿಗಳು ಊರಿಗೆ ಬಂದರೆ ಪಾದಪೂಜೆಗೆ ಅವ್ವ ಹೋಗುತ್ತಿದ್ದಳು, ಅವನು ಹೊಲಕ್ಕೆ ಹೋಗುತ್ತಿದ್ದ. ಕೊರಳಾಗ ಬೆಳ್ಳಿ ಕರಡಿಗೆ ಇತ್ತು. ಆದರೆ ಅದನ್ನ ಬಿಚ್ಚಿ ಅಂಗೈಯೊಳಗಿಟ್ಟು ಪೂಜೆ ಮಾಡಿದ್ದನ್ನ ನಾನು ನೋಡಿದ್ದು ವರ್ಷಕ್ಕೆ ಒಂದೆರಡು ಸಲ. ಕೇಳಿದರೆ, “ಅದು ಅದರ ಪಾಡಿಗೆ ಐತಿ, ನಾ ನನ್ನ ಪಾಡಿಗೆ ಅದೀನಿ” ಅನ್ನುತ್ತಿದ್ದ. ನಾನು ಅದನ್ನ ತಮಾಷೆ ಅಂದುಕೊಂಡಿದ್ದೆ. ನಾನಂತೂ ಇಂಜಿನಿಯರಿಂಗ್ ಸೇರಿದ ವರ್ಷವೇ ನನ್ನ ಲಿಂಗ ಬಿಚ್ಚಿ ಟ್ರಂಕಿನಾಗ ಇಟ್ಟವನು.

ಲಿವರ್ ಕೆಟ್ಟು ಮುಂಡರಗಿ, ಗದಗ, ಹುಬ್ಬಳ್ಳಿ ಎಲ್ಲ ದಾಟಿ ಅಪ್ಪ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ ಮುಟ್ಟಿದ. ಅಡ್ಮಿಶನ್ ಫಾರ್ಮಿನಲ್ಲಿ ‘ಧರ್ಮ’ ಅಂತ ಒಂದು ಕಾಲಮ್ ಇತ್ತು. ತುಂಬಿದೆ. ಐಸಿಯುಗೆ ಒಯ್ಯುವಾಗ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ವಾಚು, ಉಡದಾರ, ಕರಡಿಗೆ. ಪಟ್ಟಿಯಲ್ಲಿ ಮೂರನೆಯದಕ್ಕೆ ‘ಬೆಳ್ಳಿ ಆಭರಣ 1’ ಅಂತ ಬರೆದಿದ್ದರು. ತಪ್ಪೇನಿಲ್ಲ, ನೋಡಿದವರಿಗೆ ಅದು ಆಭರಣವೇ. ನಾನೂ ಓದಿ ಸಹಿ ಮಾಡಿ, ಕವರನ್ನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡೆ. ಚಾರ್ಜರ್ ಜೊತೆ.

ಬಾಯಾಗ ನಳಿಗೆ ಇದ್ದದ್ದರಿಂದ ಅಪ್ಪನಿಗೆ ಮಾತಿಲ್ಲ. ಎರಡನೇ ದಿನದಿಂದ ಕೈಯಿಂದ ಎದೆ ಬಡಿಯುವುದು ಶುರು ಮಾಡಿದ. ಎದೆನೋವು ಇರಬೇಕು ಅಂತ ನಾನೇ ಡಾಕ್ಟರಿಗೆ ಹೇಳಿದೆ. ಇಸಿಜಿ ತೆಗೆದರು, ಏನಿಲ್ಲ. ಸಂಜೆ ಮತ್ತೆ ಹಾಗೇ ಮಾಡಿದ, ಮತ್ತೆ ತೆಗೆದರು. ಆಮೇಲೆ ನಿದ್ದೆಗೆ ಇಂಜೆಕ್ಷನ್ ಹಾಕಿದರು. ಮೂರನೇ ರಾತ್ರಿ ಡ್ಯೂಟಿಗೆ ಬಂದಿದ್ದ ಕೇರಳದ ನರ್ಸ್ ಒಬ್ಬಾಕೆ ಹೊರಗೆ ಬಂದು ನನ್ನ ಎಬ್ಬಿಸಿದಳು. “ಸರ್, ಅಪ್ಪಾಗೆ ನೋವು ಅಲ್ಲ. ಚೈನ್ ಕೇಳ್ತಾ ಇದಾರೆ.” ನನಗೆ ತಿಳಿಯಲಿಲ್ಲ. ಆಕೆ ತನ್ನ ಕುತ್ತಿಗೆಯ ಸುತ್ತ ಬೆರಳು ಆಡಿಸಿ ತೋರಿಸಿದಳು. ಅಪ್ಪ ಹಾಗೆ ಮಾಡುತ್ತಿದ್ದನಂತೆ, ಮೊದಲು ಕುತ್ತಿಗೆ ಸುತ್ತ, ಆಮೇಲೆ ಎದೆ. ನಾನು ಎರಡು ದಿನ ನೋಡಿದ್ದು ಎದೆ ಬಡಿಯುವುದನ್ನಷ್ಟೇ. ಕುತ್ತಿಗೆಯ ಮೇಲೆ ಆಡಿದ ಬೆರಳನ್ನ ನೋಡಿದ್ದು ಆಕೆ. ಆಕೆಯ ಯೂನಿಫಾರ್ಮಿನ ಒಳಗೂ ಒಂದು ಸಣ್ಣ ಶಿಲುಬೆ ಇತ್ತು.

ಬ್ಯಾಗಿನಿಂದ ಕರಡಿಗೆ ತೆಗೆದುಕೊಟ್ಟೆ. ಕುತ್ತಿಗೆಗೆ ಹಾಕುವ ಹಾಗಿಲ್ಲ ಅಂದಳು, ಅಲ್ಲಿ ಲೈನ್ ಹಾಕಿದ್ದರು. ಎಡಗೈ ಅಂಗೈಯೊಳಗಿಟ್ಟು ಗಾಜ್ ಬಟ್ಟೆ ಸುತ್ತಿ ಕಟ್ಟಿದಳು. ಎಡಗೈಯೇ ಯಾಕೆ ಅಂದರೆ ಬಲಗೈಗೆ ಸಲೈನ್ ಇತ್ತು, ಅಷ್ಟೇ. ಇಷ್ಟಲಿಂಗ ಹಿಡಿಯುವುದು ಎಡಗೈಯಲ್ಲೇ ಅನ್ನೋದು ಆಕೆಗೆ ಗೊತ್ತಿರಲಿಕ್ಕಿಲ್ಲ. ಅಪ್ಪ ಮತ್ತೆ ಎದೆ ಬಡಿಯಲಿಲ್ಲ. ಎರಡು ದಿನದ ಮೇಲೆ ತೀರಿಕೊಂಡ.

ಇದನ್ನ ಮನಸ್ಸಿನಾಗ ಇಟ್ಟುಕೊಂಡು ‘ಸಂಸ್ಕಾರ’ ಓದಿದರೆ ಪ್ರಾಣೇಶಾಚಾರ್ಯರು ಬೇರೆ ಮನುಷ್ಯನಾಗಿ ಕಾಣುತ್ತಾರೆ. ಅವರು ಕೆಟ್ಟವರಲ್ಲ. ಅಗ್ರಹಾರದಲ್ಲಿ ರೋಗಿಯ ಸೇವೆ ಅಂದರೆ ಏನು ಅಂತ ಗೊತ್ತಿರುವವರು ಅವರೊಬ್ಬರೇ. ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಗೆ ಇಪ್ಪತ್ತು ವರ್ಷ ಸ್ನಾನ ಮಾಡಿಸಿ, ಉಣಿಸಿ, ಔಷಧಿ ಹಾಕಿದವರು. ಆದರೆ ಆ ಸೇವೆಯ ಲೆಕ್ಕ ಯಾರ ಖಾತೆಗೆ ಬೀಳುತ್ತದೆ ನೋಡಿ. ರೋಗಿಷ್ಠೆಯನ್ನ ಕಟ್ಟಿಕೊಂಡದ್ದು ತನ್ನ ತ್ಯಾಗ, ಅದರಿಂದ ತಾನು ಪಕ್ವವಾಗುತ್ತೇನೆ ಅನ್ನುವುದು ಅವರ ಒಳಗಿನ ನಂಬಿಕೆ. ಭಾಗೀರಥಿ ಬಾಯಿಬಿಟ್ಟು ಹೇಳುವ ಆಸೆ ಒಂದೇ: ಇನ್ನೊಂದು ಮದುವೆ ಮಾಡಿಕೊಳ್ಳಿ, ಮನೆಗೆ ಮಗು ಬೇಕು. ಅವರು ನಕ್ಕು ಸುಮ್ಮನಾಗುತ್ತಾರೆ. ಒಳ್ಳೆಯ ಗಂಡ ಅನ್ನಿಸುವುದು ಅಲ್ಲೇ, ನನಗೆ ಕಿರಿಕಿರಿ ಆದದ್ದೂ ಅಲ್ಲೇ. ಇಪ್ಪತ್ತು ವರ್ಷ ಮಲಗಿದಲ್ಲೇ ಇದ್ದ ಹೆಣ್ಣುಮಗಳು ದೇವರ ಬಗ್ಗೆ ಏನಂದುಕೊಂಡಿದ್ದಳು? ತನ್ನ ರೋಗವನ್ನ ಶಾಪ ಅಂದುಕೊಂಡಿದ್ದಳೋ, ಸಿಟ್ಟು ಬಂದಿತ್ತೋ? ಕಾದಂಬರಿಯ ಮಹಾಪಂಡಿತ ಅದನ್ನ ಕೇಳುವುದಿಲ್ಲ. ಕಾದಂಬರಿಕಾರರೂ ಕೇಳುವುದಿಲ್ಲ.

ನಾರಣಪ್ಪನ ವಿಷಯದಲ್ಲಿ ಇದು ಇನ್ನೂ ಖಡಕ್ಕಾಗಿ ಕಾಣುತ್ತದೆ. ಅವನನ್ನ ಸರಿದಾರಿಗೆ ತರುತ್ತೇನೆ ಅಂತ ಆಚಾರ್ಯರು ಅವನ ತಾಯಿಗೆ ಮಾತು ಕೊಟ್ಟವರು. ಮನೆಗೆ ಹೋಗಿ ಬುದ್ಧಿ ಹೇಳಿದವರು. ಅವನೋ, ಗೆಲ್ಲುವುದು ನೀವೋ ನಾನೋ ನೋಡೇಬಿಡೋಣ ಅನ್ನುವ ಆಸಾಮಿ. ಅಲ್ಲಿಂದ ಇಬ್ಬರ ನಡುವೆ ಇದ್ದದ್ದು ಪಂದ್ಯ. ಪಂದ್ಯದಾಗ ಎದುರಾಳಿ ಜ್ವರ ಬಂದು ಮಲಗಿದರೆ ಯಾರು ತಲೆದಿಂಬಿನ ಹತ್ತಿರ ಹೋಗಿ ಕೂರುತ್ತಾರೆ? ಮನಸ್ಸು ಬದಲಾಯಿಸಲೇಬೇಕು ಅಂತ ಹಠ ತೊಟ್ಟವನು ಹಾಸಿಗೆ ಹತ್ತಿರ ಬಂದರೆ ಮಲಗಿದವನಿಗೆ ಭಯವೇ ಹೆಚ್ಚು. ಪ್ರಾಣೇಶಾಚಾರ್ಯರು ಆ ನಾಲ್ಕು ದಿನದಲ್ಲಿ ಹೋಗಿದ್ದರೂ ಏನು ಮಾತಾಡುತ್ತಿದ್ದರು ಅಂತ ಯೋಚಿಸಿದೆ. ನನಗೆ ಹೊಳೆದದ್ದು ಪ್ರಾಯಶ್ಚಿತ್ತದ ಮಾತೊಂದೇ.

ಇಲ್ಲಿ ಚಂದ್ರಿ ಹೇಳುವ ಒಂದು ಸಂಗತಿ ಇದೆ. ಪ್ರಜ್ಞೆ ತಪ್ಪುವ ಮುಂಚೆ ನಾರಣಪ್ಪ ಕೈ ಮುಗಿದು ಅಮ್ಮನನ್ನೂ ರಾಮನನ್ನೂ ನಾರಾಯಣನನ್ನೂ ಕೂಗಿದ ಅಂತ. ಈ ಮಾತನ್ನ ಎರಡು ಕಡೆಯವರೂ ಎಳೆದಾಡಬಹುದು. ನೋಡ್ರಿ, ಕಡೀಗೆ ಬ್ರಾಹ್ಮಣ್ಯ ಬಿಡಲಿಲ್ಲ ಅಂತ ಆಸ್ತಿಕರು. ಸಂಸ್ಕಾರ ಮಾಡಿಸಲಿಕ್ಕೆ ಚಂದ್ರಿ ಕಟ್ಟಿದ ಮಾತು, ಇಲ್ಲಾ ಜ್ವರದ ಬಡಬಡಿಕೆ ಅಂತ ನನ್ನಂಥವರು. ಹಾಸ್ಟೆಲ್ಲಿನಲ್ಲಿ ಓದಿದಾಗ ನಾನು ಎರಡನೇ ಪಾರ್ಟಿ. ಈಗ ಅನ್ನಿಸುವುದು, ಈ ಜಗಳ ಬೇಕಾದದ್ದು ಸತ್ತ ಮೇಲೆ. ಮಲಗಿದವನ ಮುಂದೆ ಆ ತೀರ್ಪು ಯಾತಕ್ಕೆ? ಅಪ್ಪ ನಂಬುತ್ತಿದ್ದನೋ ಇಲ್ಲೋ ನನಗೆ ಇವತ್ತಿಗೂ ಗೊತ್ತಿಲ್ಲ. ನಲವತ್ತು ವರ್ಷ ಎದೆ ಮೇಲಿದ್ದ ಭಾರ ಇಲ್ಲದಾಗಿ ಚಡಪಡಿಸಿದನೋ, ಶಿವನನ್ನ ಕೇಳಿದನೋ. ಆ ನರ್ಸಿಗೂ ಗೊತ್ತಿರಲಿಲ್ಲ, ಆಕೆ ಕೇಳಲೂ ಇಲ್ಲ. ಚೈನ್ ಬೇಕು ಅಂದ, ಕೊಟ್ಟಳು. ಚಂದ್ರಿ ಮಾಡಿದ್ದೂ ಅದೇ ಇರಬೇಕು. ಜಾತಿ ಬಿಟ್ಟವನ ಬಾಯಿಂದ ರಾಮನ ಹೆಸರು ಬಂದಾಗ ಆಕೆ ಆಶ್ಚರ್ಯಪಟ್ಟಿರಬಹುದು. ಅದೇನು ಅಂತ ವಾದ ಮಾಡಿರಲಿಕ್ಕಿಲ್ಲ.

ಇರಬೇಕು, ಇರಲಿಕ್ಕಿಲ್ಲ ಅಂತ ನಾನು ಬರೆಯಬೇಕಾಗಿ ಬಂದಿರುವುದೇ ಈ ಕಾದಂಬರಿಯ ಮೇಲೆ ನನ್ನ ತಕರಾರು. ಆಚಾರ್ಯರ ಒಳತೋಟಿಗೆ ಪುಟಗಟ್ಟಲೆ ಜಾಗ ಇದೆ. ನಾರಣಪ್ಪನ ಸಾವಿಗೆ ಮೂರ್ನಾಲ್ಕು ಸಾಲು. ಅನಂತಮೂರ್ತಿಯವರು ಹೇಳಹೊರಟದ್ದೇ ಬೇರೆ, ಅದು ಬ್ರಾಹ್ಮಣ್ಯದ ವಿಮರ್ಶೆ, ಹೆಣ ಅಲ್ಲೊಂದು ಸಂಕೇತ ಅಂತ ತಿಳಿದವರು ಬೈಯಬಹುದು. ಒಪ್ಪುತ್ತೇನೆ. ಆದರೆ ರೋಗಿಯನ್ನ ಸಂಕೇತ ಮಾಡಿದ ಮೇಲೆ ಅವನಿಗೆ ನೀರು ಬೇಕೋ ಅಂತ ಕೇಳುವುದು ಯಾರ ನೆನಪಿಗೂ ಬರುವುದಿಲ್ಲ, ಅಗ್ರಹಾರದವರಿಗೂ ಅಷ್ಟೇ, ಓದುವ ನಮಗೂ ಅಷ್ಟೇ. ಕೊನೆಗೆ ಹೆಣ ಸುಟ್ಟದ್ದು ಯಾರು? ಗಾಡಿ ಹೊಡೆಯುವ ಶೇಷಪ್ಪ ಹೆದರಿ ಹಿಂದೆ ಸರಿದ ಮೇಲೆ, ಎತ್ತು ಕೊಳ್ಳಲಿಕ್ಕೆ ಹಿಂದೊಮ್ಮೆ ನಾರಣಪ್ಪ ಸಾಲ ಕೊಟ್ಟಿದ್ದ ಋಣ ನೆನೆಸಿಕೊಂಡು ಅಹಮದ್ ಬ್ಯಾರಿ ಬಂದ. ಮಂತ್ರ ಇಲ್ಲ, ವಿಧಿ ಇಲ್ಲ. ಅವನು ಬಂದು ಹೋದದ್ದನ್ನ ಅರ್ಧ ಗಂಟೆ ಕೂತು ಓದಬೇಕಿತ್ತು. ಕಾದಂಬರಿ ರಾತ್ರೋರಾತ್ರಿ ಮುಗಿಸಿ ಮತ್ತೆ ಆಚಾರ್ಯರ ಕಡೆ ಓಡುತ್ತದೆ.

ಈ ಕಾದಂಬರಿ 1970ರಲ್ಲಿ ಸಿನಿಮಾ ಆಯಿತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರು, ನಾರಣಪ್ಪನಾಗಿ ಪಿ. ಲಂಕೇಶ್. ಅದಾಗಿ ಇಪ್ಪತ್ತು ವರ್ಷಕ್ಕೆ, 1990ರಲ್ಲಿ, ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ದಲ್ಲಿ ಅದೇ ಕಾರ್ನಾಡರು ಗೋವಿಂದಭಟ್ಟರಾದರು. ಒಬ್ಬನೇ ನಟನ ಮುಖದಲ್ಲಿ ಎರಡು ಬ್ರಾಹ್ಮಣರು. ಒಬ್ಬರು ನಾರಣಪ್ಪನ ಕಾಯಿಲೆ ಹಾಸಿಗೆಗೇ ಮುಟ್ಟಲಿಲ್ಲ, ಇನ್ನೊಬ್ಬರು ಮುಸಲ್ಮಾನರ ಹುಡುಗನನ್ನ ಶಿಷ್ಯ ಅಂತ ಕರೆದುಕೊಂಡು ಊರೂರು ತಿರುಗಿದರು. ನಮ್ಮ ಕಡೆ ಶರೀಫಜ್ಜನ ಸಿನಿಮಾ ಟಿವಿಯಲ್ಲಿ ಬಂದರೆ ಒಬ್ಬರೂ ಹೊಲಕ್ಕೆ ಹೋಗುತ್ತಿರಲಿಲ್ಲ. ಅಪ್ಪನೂ.

ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಕೊನೆಗಾಲದ ಒಂದು ಕಥೆ ನಮ್ಮ ಭಾಗದಲ್ಲಿ ಹೇಳುತ್ತಾರೆ. ಸಾವು ಹತ್ತಿರ ಬಂತು ಅಂತ ತಿಳಿದಾಗ ಶರೀಫಜ್ಜ ತನಗೆ ವಿಭೂತಿ ವೀಳ್ಯ ಆಗಬೇಕು ಅಂದನಂತೆ. ಅದು ಲಿಂಗಾಯತರಲ್ಲಿ ಸಾಯುವವರಿಗೆ ಮಾಡುವ ವಿಧಿ, ಜಂಗಮರು ಬಂದು ತಲೆ ಮೇಲೆ ಪಾದ ಇಡಬೇಕು. ಕರೆಸಿದ ಜಂಗಮರು ಹಿಂದುಮುಂದು ನೋಡಿದರಂತೆ. ಆಮೇಲೆ ಮಾಡಿದರಂತೆ. ತೀರಿಕೊಂಡ ಮೇಲೆ ಹಿಂದೂಗಳೂ ಮುಸಲ್ಮಾನರೂ ತಮ್ಮ ತಮ್ಮ ರೀತಿಯ ಪ್ರಾರ್ಥನೆ ಮಾಡಿದರು, ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ.

ಈ ಕಥೆಯನ್ನ ನಾವು ಬ್ಯಾನರಿಗೆ ಹಾಕಿ ಹಾಕಿ ಸವೆಸಿದ್ದೇವೆ. ಭಾವೈಕ್ಯ ದಿನಾಚರಣೆ, ಶಾಲು, ಹಾರ, ಮೈಕು. ಭಾಷಣದಾಗ ಎಲ್ಲರೂ ಹೇಳುವುದು ಎರಡು ಧರ್ಮ ಕೂಡಿತು ಅಂತ. ನನಗೆ ಕಥೆಯಲ್ಲಿ ಬೆಲೆಯುಳ್ಳದ್ದು ಕಾಣುವುದು ಬೇರೆ ಎರಡು ಜಾಗದಲ್ಲಿ. ಒಂದು, ಕೇಳಿದವನು ಸಾಯುತ್ತಿರುವವನು. ಜಂಗಮರು ತಾವಾಗಿ ಹೋಗಿ, ಶರೀಫಾ ನಿನ್ನ ಉದ್ಧಾರ ಮಾಡತೀನಿ ಅಂತ ಕಾಲು ಎತ್ತಲಿಲ್ಲ. ಹಾಗೇನಾದರೂ ಮಾಡಿದ್ದರೆ ಅದೇ ಪಾದ ಅದೇ ತಲೆಯ ಮೇಲೆ ದಬ್ಬಾಳಿಕೆ ಆಗುತ್ತಿತ್ತು. ಇನ್ನೊಂದು, ಜಂಗಮರ ಹಿಂಜರಿಕೆ. ಅದನ್ನ ಭಾಷಣದವರು ಬಿಟ್ಟುಬಿಡುತ್ತಾರೆ. ಯಾಕೆ ಬಿಡಬೇಕು? ತನ್ನ ಶಾಸ್ತ್ರ ಒಪ್ಪುವುದೋ ಇಲ್ಲವೋ ಅನ್ನುವ ಅಳುಕು ಇಟ್ಟುಕೊಂಡೇ ಆ ಮನುಷ್ಯ ಮಾಡಿದ. ಪ್ರಾಣೇಶಾಚಾರ್ಯರಿಗೂ ಅದೇ ಅಳುಕು ಬಂದಿತ್ತು. ಅವರು ತಾಳೆಗರಿ ಬಿಚ್ಚಿದರು, ಮಾರುತಿ ಗುಡಿಗೆ ಹೋಗಿ ಅಪ್ಪಣೆಗೆ ಕಾದರು. ಅಷ್ಟರಲ್ಲಿ ಹೆಣ ನಾರಿತು.

ನಮ್ಮ ಕಡೆಯ ಮಿಷನ್ ದವಾಖಾನಿಗಳ ಮಾತು ಬಂದರೆ ಇದೇ ಪ್ರಶ್ನೆ ತಿರುಗಾಮುರುಗಾ ಆಗಿ ನಿಲ್ಲುತ್ತದೆ. ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1840ರ ದಶಕದಲ್ಲಿ. ಅಲ್ಲಿ ಅವರು ಕಟ್ಟಿದ ದವಾಖಾನಿಗೆ ಜನ ಇವತ್ತಿಗೂ ಜರ್ಮನ್ ದವಾಖಾನಿ ಅಂತಲೇ ಅನ್ನುತ್ತಾರೆ. ಬಂದವರ ಮನಸ್ಸಿನಲ್ಲಿ ಕ್ರಿಸ್ತನ ಸುವಾರ್ತೆ ಇತ್ತು, ಅದನ್ನ ಅವರು ಮುಚ್ಚಿಡಲೂ ಇಲ್ಲ. ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಹಳೇ ಕಾಲದ ಒಂದು ಮಿಷನ್ ದವಾಖಾನಿಯಲ್ಲಿ ಹೆರಿಗೆಗೆ ಇದ್ದದ್ದನ್ನ ಹೇಳುತ್ತಿದ್ದಳು. “ಅಕ್ಕಾರು ಏಸಪ್ಪನ ಹೆಸರು ಹೇಳಿ ಪ್ರಾರ್ಥನಾ ಮಾಡತಿದ್ರು. ನಾ ವೀರಭದ್ರನ ನೆನಸ್ಕೊಂತಿದ್ನಿ. ಅವರದು ಅವರು, ನಮ್ಮದು ನಾವು.” ಆಕೆಗೆ ಅದರಿಂದ ತೊಂದರೆ ಆಗಿರಲಿಲ್ಲ. ಆದರೆ ಕೇಳದೆ ಮಾಡಿದ ಪ್ರಾರ್ಥನೆ ಎಲ್ಲರಿಗೂ ಅಷ್ಟು ಹಗುರ ಆಗಿರುತ್ತದೆ ಅಂತ ನಾನು ಹೇಳಲಾರೆ. ನೋವಿನಲ್ಲಿ ಮಲಗಿದವನಿಗೆ ಬೇಡ ಅನ್ನುವ ತಾಕತ್ತು ಕಡಿಮೆ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಸ್ವತಃ ಗಟ್ಟಿ ಕ್ರೈಸ್ತಳು. ಸಾಯುವವರ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ನೋವು ಅಂತ ಆಕೆ ಹೇಳಿದ್ದನ್ನ ಮುಂದೆ ವೈದ್ಯರೂ ಒಪ್ಪಿದರು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಕೊಟ್ಟ ಉಪಶಾಮಕ ಆರೈಕೆಯ ವ್ಯಾಖ್ಯೆಯಲ್ಲಿ ಆಧ್ಯಾತ್ಮಿಕ ನೋವೂ ಸೇರಿದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಂದರೆ ಈ ವಿದ್ಯೆ ನಮ್ಮಲ್ಲಿ ಇಲ್ಲ ಅಂತಲ್ಲ. ಆದರೆ ಹೆಚ್ಚಿನ ದೊಡ್ಡ ಆಸ್ಪತ್ರೆಗಳಲ್ಲಿ ಆಧ್ಯಾತ್ಮ ಅಂದರೆ ಲಿಫ್ಟ್ ಪಕ್ಕ ಒಂದು ಗಣಪತಿ ಮತ್ತು ಫಾರ್ಮಿನಲ್ಲಿ ಒಂದು ಕಾಲಮ್. ಸಾಫ್ಟ್‌ವೇರಿನವರಿಗೆ ಈ ಕಾಲಮ್ ಬಹಳ ಪರಿಚಯ: ಡೇಟಾ ತುಂಬಿಸಿಕೊಳ್ಳುತ್ತೇವೆ, ಯಾವ ಪ್ರೋಗ್ರಾಮೂ ಅದನ್ನ ತಿರುಗಿ ಓದುವುದಿಲ್ಲ. ಓದಿದ್ದರೂ ಉಪಯೋಗ ಇರಲಿಲ್ಲ ಬಿಡಿ. ‘ಹಿಂದೂ–ಲಿಂಗಾಯತ’ ಅಂತ ನಾನೇ ತುಂಬಿದ್ದೆ. ಅದು ಓದಿ ಯಾರಾದರೂ ಅಪ್ಪನ ಹತ್ತಿರ ಸ್ವಾಮಿಗಳನ್ನ ಕಳಿಸಿದ್ದರೆ ಅವನು ನಳಿಗೆ ಕಿತ್ತು ಎದ್ದು ಬರುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಸ್ವಾಮಿ ಅಲ್ಲ, ಕರಡಿಗೆ. ಅದು ಕಾಲಮಿನಲ್ಲಿ ಬರುವ ಮಾತಲ್ಲ, ಬೆರಳು ನೋಡಬೇಕು.

ಊರಿಗೆ ತಂದಾಗ ಎಡಗೈಯ ಗಾಜ್ ಹಾಗೇ ಇತ್ತು. ಕುಣಿಯಲ್ಲಿ ಕೂರಿಸುವ ಮುಂಚೆ ಐನೋರು ಅದನ್ನ ನೋಡಿ, “ಇದನ್ಯಾರು ಕಟ್ಯಾರ?” ಅಂದರು. ಹೇಳಿದೆ. ಹಿಂದಿನಿಂದ ಯಾರೋ, ಯಾವ ಪೈಕಿಯಾಕಿ ಅಂತ ಕೇಳಿದರು. ಕೇರಳದಾಕಿ, ಕ್ರಿಶ್ಚನ್ರು ಅಂದೆ. ಐನೋರು ಒಂದು ಗಳಿಗೆ ಸುಮ್ಮನಿದ್ದು ಗಾಜ್ ಬಿಚ್ಚಿದರು, ಲಿಂಗ ತೆಗೆದು ವಿಭೂತಿ ಹಚ್ಚಿ ಅದೇ ಅಂಗೈಯಲ್ಲಿಟ್ಟರು. ಗಾಜನ್ನ ಎಸೆಯಲಿಲ್ಲ, ಕುಣಿಯೊಳಗೇ ಒಂದು ಮೂಲೆಗೆ ಇಟ್ಟರು. ಶಾಸ್ತ್ರದಾಗ ಅದಕ್ಕೇನು ಹೇಳಿದೆಯೋ ನಾನು ಕೇಳಲಿಲ್ಲ.

ಹೋದ ತಿಂಗಳು ಅವ್ವನ ಕಣ್ಣಿನ ಆಪರೇಷನ್ ಆಯಿತು, ಹುಬ್ಬಳ್ಳಿಯಲ್ಲಿ. ಒಳಗೆ ಕರೆಯುವ ಮುಂಚೆ ಎಲ್ಲ ಬಿಚ್ಚಿಡಿ ಅಂದರು. ಪ್ಲಾಸ್ಟಿಕ್ ಕವರ್ ಬಂತು. ಈ ಸಲ ಕೇಳಿದೆ. “ಅವ್ವಾ, ಇದನ್ನೇನು ಮಾಡ್ಲಿ?”

“ಚೀಲದಾಗ ಹಾಕಬ್ಯಾಡ. ನಿನ್ನ ಕೊಳ್ಳಾಗ ಹಾಕ್ಕೊಂಡು ಕುಂದ್ರು, ನಾ ಬರೂಮಟ.”

ಹಾಕಿಕೊಂಡೆ. ಅಂಗಿಯ ಒಳಗೆ ತಣ್ಣಗೆ ಹತ್ತಿತು. ನಂಬಿಕೆ ಬಂತೇನು ಅಂತ ಕೇಳಬೇಡಿ, ಅಂಥದ್ದೇನೂ ಆಗಲಿಲ್ಲ. ಒಂದು ತಾಸಿನ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ ಅವ್ವ ಮೊದಲು ಕೈ ಚಾಚಿದ್ದು ನನ್ನ ಎದೆಯ ಕಡೆ.